ನಿಮಗಿದು ಗೊತ್ತೆ? ಮೀಟರ್ ಅಂಕಿಗಳ ಕಣ್ಣಾಮುಚ್ಚಾಲೆ
ಕೊಡಿಗೇಹಳ್ಳಿ ರೈಲು ನಿಲ್ದಾಣದ ಬಳಿ ಆಟೊ ಹತ್ತಿ, ಚಾಲಕರು ಮೀಟರ್ ಹಾಕಿದರೆ (ಹಾಕಿದರೆ ನಿಮ್ಮ ಪುಣ್ಯ!) ಕೆಂಪಗೆ 36 ರೂಪಾಯಿ ಮೂಡುತ್ತದೆ. 2025ರ ಆಗಸ್ಟ್ 1ರಿಂದ ಬೆಂಗಳೂರಿನಲ್ಲಿ ಮೊದಲ 2 ಕಿ.ಮೀ.ಗೆ ಅದೇ ಕನಿಷ್ಠ ದರ.

ಇಂಥ ಎಲ್‌ಇಡಿ ಫಲಕಗಳಲ್ಲಿ ಸಾಮಾನ್ಯವಾಗಿ ಎಲ್ಲ ಅಂಕಿಗಳೂ ಒಟ್ಟಿಗೆ ಉರಿಯುವುದೇ ಇಲ್ಲ! ಒಂದೊಂದು ಅಂಕಿಗೂ 7 ಗೆರೆ. 3 ಬರೆಯಲು ಐದು ಹೊತ್ತಿದರೆ ಸಾಕು, 8ಕ್ಕೆ ಏಳೂ ಬೇಕು. ನಾಲ್ಕು ಅಂಕಿಗಳ 28 ಗೆರೆಗೂ ಬೇರೆ ಬೇರೆ ತಂತಿ ಎಳೆದರೆ ಪುಟ್ಟ ಮೈಕ್ರೊಕಂಟ್ರೋಲರ್ ಚಿಪ್‌ನ ಕಾಲುಗಳು ಸಾಲವು. ಅದಕ್ಕೇ ಏಳೇ ತಂತಿಗಳನ್ನು ನಾಲ್ಕೂ ಅಂಕಿಗಳಿಗೆ ಹಂಚಿ, ಈಗ ಯಾರ ಸರದಿ ಎಂದು ಹೇಳಲು ಇನ್ನು ನಾಲ್ಕು ಇಟ್ಟರೆ 11ರಲ್ಲೇ ಕೆಲಸ ಮುಗಿಯಿತು. ಚುಕ್ಕಿ ಬೇಕಿದ್ದರೆ ಮತ್ತೊಂದು. ಚಿಪ್ ಒಂದು ಅಂಕಿಯನ್ನು ಕೆಲವೇ ಮಿಲಿಸೆಕೆಂಡು ಬೆಳಗಿಸಿ, ಆರಿಸಿ, ಪಕ್ಕದ್ದಕ್ಕೆ ಹಾರುತ್ತದೆ. ಸೆಕೆಂಡಿಗೆ ನೂರು ಸುತ್ತು ಹೀಗೆ ಓಡಿದರೆ ನಮ್ಮ ಕಣ್ಣಿಗೆ ಮಣ್ಣೆರಚಿದಂತೆಯೇ.

ಕ್ಯಾಮೆರಾ ಅಷ್ಟು ಸುಲಭಕ್ಕೆ ಬಗ್ಗದು. ಶಟರ್ ವೇಗ ಹೆಚ್ಚಿಸಿ ಫೋಟೊ ತೆಗೆಯಿರಿ, ಒಂದೆರಡು ಅಂಕಿ ನಾಪತ್ತೆ!

ಅಂದ ಹಾಗೆ, ಬಳುಕುವ ೩, ೬ ಈ ನೆಟ್ಟನೆಯ ಗೆರೆಗಳಿಗೆ ಒಗ್ಗುವುದಿಲ್ಲ. ಕನ್ನಡ ಅಂಕಿ ಬೇಕೆಂದರೆ ಬಸ್ಸಿನ ಎಲ್‌ಇಡಿ ಬೋರ್ಡಿನಂಥ ಚುಕ್ಕಿಗಳ ಫಲಕವೇ ಆಗಬೇಕು.