ಕುಳಿತೇ ಬೆಳೆಯುವ ಮಕ್ಕಳು

ಬೆಂಗಳೂರಿನಂಥ ನಗರದಲ್ಲಿ ಹತ್ತನೆಯ ತರಗತಿ ಓದುವ ಬಾಲಕನ ದಿನಚರಿಯನ್ನು ಓದುಗರು ಒಮ್ಮೆ ಗಮನವಿಟ್ಟು ನೋಡಬೇಕು. ಬೆಳಿಗ್ಗೆ ಶಾಲೆಯ ವಾಹನ ಮನೆಯ ಬಾಗಿಲಿಗೇ ಬರುತ್ತದೆ. ಅದರಲ್ಲಿ ಕುಳಿತು ಹೋಗುತ್ತಾನೆ. ಹಗಲೆಲ್ಲ ತರಗತಿಯಲ್ಲಿ ಕುಳಿತಿರುತ್ತಾನೆ. ಸಂಜೆ ತಂದೆಯ ಸ್ಕೂಟರಿನ ಹಿಂದೆ ಕುಳಿತು ಟ್ಯೂಷನ್ನಿಗೆ ಹೋಗಿ ಅಲ್ಲಿಯೂ ಕುಳಿತಿರುತ್ತಾನೆ. ರಾತ್ರಿ ಮೇಜಿನ ಮುಂದೆ ಓದು. ಅದು ಮುಗಿದರೆ ಕೈಯಲ್ಲಿ ಮೊಬೈಲು. ಇವನನ್ನು ಹಿರಿಯರು ಸೋಮಾರಿಯೆಂದು ಜರೆಯುವುದುಂಟು. ಅದು ನ್ಯಾಯವಾದ ಮಾತಲ್ಲ. ಮೊಬೈಲೊಂದನ್ನು ಬಿಟ್ಟರೆ ಉಳಿದೆಲ್ಲ ಕಡೆ ಅವನನ್ನು ಹಣ ತೆತ್ತು ಕೂರಿಸಿದವರು ಹಿರಿಯರೇ.

5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಏರುವಂತೆ ಮೈ ದಣಿಸಬೇಕು, ವಾರಕ್ಕೆ 3 ದಿನವಾದರೂ ಸ್ನಾಯು ಮತ್ತು ಎಲುಬುಗಳಿಗೆ ಬಲ ನೀಡುವ ಚಟುವಟಿಕೆ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸೂಚಿಸಿದೆ. ಅದೇ ಸಂಸ್ಥೆಯ ತಜ್ಞರು 146 ದೇಶಗಳ ವಿದ್ಯಾರ್ಥಿಗಳ ಮಾಹಿತಿಯನ್ನು ಒಟ್ಟುಗೂಡಿಸಿ 2019ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. 2016ರಲ್ಲಿ 11ರಿಂದ 17 ವರ್ಷದವರ ಪೈಕಿ ನೂರಕ್ಕೆ 81 ಮಂದಿಗೆ ದಿನಕ್ಕೊಂದು ಗಂಟೆಯ ಈ ಶ್ರಮವೂ ಇರಲಿಲ್ಲ. ಹುಡುಗರಲ್ಲಿ ಈ ಪ್ರಮಾಣ ಸುಮಾರು 78; ಹುಡುಗಿಯರಲ್ಲಿ 85.

ಈ ಕಡೆಯ ಅಂಕಿಯ ಬಳಿ ನಾವು ತುಸು ನಿಲ್ಲಬಯಸುತ್ತೇವೆ. ನಿನ್ನೆಯವರೆಗೆ ಅಣ್ಣನೊಡನೆ ಬೀದಿಯಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದ ಮಗಳು ಮೈನೆರೆದ ಮೇಲೆ ಒಳಗೆ ಸೇರಿಬಿಡುತ್ತಾಳೆ. ಆಡಬೇಡವೆಂದು ಯಾರೂ ಬಾಯಿಬಿಟ್ಟು ಹೇಳಿರುವುದಿಲ್ಲ. ಆದರೆ ಸಂಜೆ ಚಪ್ಪಲಿ ಮೆಟ್ಟಿದೊಡನೆ “ಎಲ್ಲಿಗಮ್ಮ?” ಎಂಬ ಪ್ರಶ್ನೆ ಅವಳಿಗೆ ಮಾತ್ರ ಎದುರಾಗುತ್ತದೆ, ಅಣ್ಣನಿಗಲ್ಲ. ಅವಳ ಎಲುಬುಗಳು ಗಟ್ಟಿಯಾಗಬೇಕಾದ ಕಾಲವೂ ಅದೇ. ಎಲುಬಿನ ಸಾಂದ್ರತೆಯ ನೂರಕ್ಕೆ 90ರಷ್ಟು ಭಾಗ ಹುಡುಗಿಯರಲ್ಲಿ 18ನೆಯ, ಹುಡುಗರಲ್ಲಿ 20ನೆಯ ವಯಸ್ಸಿನ ಹೊತ್ತಿಗೆ ಕೂಡಿಬಂದಿರುತ್ತದೆಂದು ವೈದ್ಯಶಾಸ್ತ್ರ ಹೇಳುತ್ತದೆ. ಎಲುಬು ಭಾರ ಹೊತ್ತಷ್ಟೂ ಬಲಿಯುವ ವಸ್ತು. ಓಟ, ಜಿಗಿತ, ಹಗ್ಗದಾಟಗಳು ಅದಕ್ಕೆ ಆಹಾರದಷ್ಟೇ ಅಗತ್ಯ. ಮುಂದೆ ಮುಟ್ಟು ನಿಂತ ಬಳಿಕ ಎಲುಬು ಸವೆಯತೊಡಗಿದಾಗ ಹೆಣ್ಣುಮಗಳು ಈ ಗಂಟಿನಲ್ಲಿಯೇ ಬಾಳಬೇಕು. ಬಚ್ಚಲಲ್ಲಿ ಜಾರಿದ ಅಜ್ಜಿಯ ಸೊಂಟದ ಮೂಳೆ ಮುರಿದ ಮನೆಗಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಸಕ್ಕರೆ ಕಾಯಿಲೆಯ ಮಾತೂ ಹಾಗೆಯೇ. ದುಡಿಯುವ ಸ್ನಾಯು ರಕ್ತದಲ್ಲಿರುವ ಸಕ್ಕರೆಯನ್ನು ಇನ್ಸುಲಿನ್ನಿನ ನೆರವಿಲ್ಲದೆಯೂ ಒಳಗೆಳೆದುಕೊಳ್ಳಬಲ್ಲದು. ಕುಳಿತ ಸ್ನಾಯುವಿಗೆ ಆ ಶಕ್ತಿ ಕುಂದುತ್ತದೆ. ದೇಶದಲ್ಲಿ 10 ಕೋಟಿಗೂ ಮಿಕ್ಕಿ ಮಧುಮೇಹಿಗಳಿದ್ದಾರೆಂಬ ಅಂದಾಜು 2023ರಲ್ಲಿ ಪ್ರಕಟವಾಗಿದೆ.

ನಾವು ಮಠದ ಪ್ರಸಾದ ನಿಲಯದಲ್ಲಿ ಓದುತ್ತಿದ್ದಾಗ ಬಾವಿಯಿಂದ ನೀರು ಸೇದುವುದೂ ಅಂಗಳ ಗುಡಿಸುವುದೂ ನಿತ್ಯದ ಕೆಲಸಗಳಾಗಿದ್ದವು. ಅವನ್ನು ವ್ಯಾಯಾಮವೆಂದು ಯಾರೂ ಕರೆಯಲಿಲ್ಲ. ಆ ದಿನಗಳು ಮರಳಲೆಂದು ನಾವು ಹೇಳುತ್ತಿಲ್ಲ. ನಲ್ಲಿ ಕಿತ್ತು ಮಕ್ಕಳ ಕೈಗೆ ಹಗ್ಗ ಕೊಡಲಾದೀತೆ? ಆದರೆ ಮೈಗೆ ಶಿಕ್ಷಣ ಕೊಡುವುದು ಈ ನಾಡಿಗೆ ಹೊಸತಲ್ಲ. ತಿರುಮಲೈ ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಬಾಲಕರಿಗೆ ಆಸನಗಳನ್ನು ಕಲಿಸಿದರು. ಅವರ ‘ಯೋಗ ಮಕರಂದ’ 1934ರಲ್ಲಿ ಕನ್ನಡದಲ್ಲಿಯೇ ಅಚ್ಚಾಯಿತು. ಗರಡಿ ಮನೆಗಳಂತೂ ಊರೂರಿನಲ್ಲಿದ್ದವು. ಇವೆಲ್ಲ ಬಹುಮಟ್ಟಿಗೆ ಗಂಡುಮಕ್ಕಳ ಪಾಲಾಗಿದ್ದವೆಂಬುದನ್ನೂ ಮರೆಯಲಾಗದು.

ಹತ್ತನೆಯ ತರಗತಿ ಬಂದೊಡನೆ ಆಟದ ಅವಧಿಯನ್ನು ಗಣಿತಕ್ಕೆ ಕೊಡುವುದು ಅನೇಕ ಶಾಲೆಗಳ ವಾಡಿಕೆ. ಪೋಷಕರು ಅದಕ್ಕೆ ಸಂತೋಷಪಡುತ್ತಾರೆ. ಆಟಕ್ಕೆ ವೇಳೆ ಕೊಟ್ಟರೆ ಅಂಕಗಳು ಕುಸಿಯುವುದಿಲ್ಲವೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ಹಲವು ಅಧ್ಯಯನಗಳನ್ನು ಪರಿಶೀಲಿಸಿ 2010ರಲ್ಲಿಯೇ ತಿಳಿಸಿದೆ.

ಗಂಟೆಯಿಡೀ ಒಂದೇ ಬಾರಿಗೆ ದೊರೆಯಬೇಕೆಂದೇನಿಲ್ಲ. ಬಸ್ಸನ್ನು ಒಂದು ನಿಲ್ದಾಣ ಮೊದಲೇ ಇಳಿದು ಚುರುಕಾಗಿ ನಡೆಯಬಹುದು. ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಬಹುದು. ತಾಯಿ ಮಗಳು ಕೂಡಿಯೇ ಉದ್ಯಾನಕ್ಕೆ ಹೊರಟರೆ “ಎಲ್ಲಿಗಮ್ಮ?” ಎಂದು ಕೇಳುವವರೂ ಕಡಿಮೆಯಾಗುತ್ತಾರೆ. ಇನ್ನು ಪೋಷಕರ ಸಭೆಯಲ್ಲಿ ಅಂಕಪಟ್ಟಿಯೊಡನೆ ವೇಳಾಪಟ್ಟಿಯನ್ನೂ ಕೇಳಿ ನೋಡಬೇಕು: ವಾರಕ್ಕೆ ಆಟದ ಅವಧಿಗಳೆಷ್ಟು, ಅವುಗಳಲ್ಲಿ ಮೈದಾನದಲ್ಲಿ ನಡೆದವೆಷ್ಟು, ಆಗ ಹುಡುಗಿಯರು ಎಲ್ಲಿದ್ದರು ಎಂದು.