ಗುಂಡಿಯ ಹತ್ತಿರ ಮೂಗನ್ನು ನಂಬಬೇಡಿ



ನಾನು ನಿಮ್ಮ ಕೊಟ್ಟಿಗೆಗೆ ಬಂದಾಗ ಕೇಳುವ ಪ್ರಶ್ನೆಗಳೆಲ್ಲ ರಾಸುವಿನ ಬಗ್ಗೆಯೇ ಇರುತ್ತವೆ. ಮೇವು ತಿನ್ನುತ್ತಿದೆಯೇ, ಮೆಲುಕು ಹಾಕುತ್ತಿದೆಯೇ, ಬೆದೆಗೆ ಬಂದು ಎಷ್ಟು ದಿನವಾಯಿತು? ಔಷಧಿ ಚೀಟಿ ಬರೆದು, ಎಷ್ಟು ಹಾಕಬೇಕೆಂದು ಹೇಳಿ ಹೊರಟುಬಿಡುತ್ತೇನೆ. ಆ ಔಷಧಿ ಕಲಸುವ ಕೈ ನಿಮ್ಮದು. ಸಗಣಿ ಗುಂಡಿಯ ಪಕ್ಕ ದಿನವೂ ನಿಲ್ಲುವವರು ನೀವು. ಇವುಗಳಿಂದ ನಿಮಗೆ ಏನಾಗಬಹುದು ಎಂದು ಹೇಳುವುದನ್ನು ನಾವು ಪಶುವೈದ್ಯರು ಬಹಳ ಸಲ ಮರೆಯುತ್ತೇವೆ. ಈ ಸಂಚಿಕೆಯಲ್ಲಿ ಆ ಮಾತು ಆಡೋಣ.

ಕಾರ್ಖಾನೆಯಲ್ಲಿ ವಿಷಾನಿಲ ಇರುವ ಕಡೆ ಎಚ್ಚರಿಕೆಯ ಫಲಕ ಇರುತ್ತದೆ. ಕೆಲಸದವರಿಗೆ ಕೈಗವಸು, ಮುಖಕ್ಕೆ ರಕ್ಷಣೆ ಕೊಡುತ್ತಾರೆ. ನಮ್ಮ ಕೊಟ್ಟಿಗೆಯಲ್ಲಿ ಫಲಕವಿಲ್ಲ. ಆದರೆ ಗೋಬರ್ ಗ್ಯಾಸ್ ಗುಂಡಿ, ಉಣ್ಣೆ ಔಷಧಿ, ಸಂಘದ ಆಮ್ಲದ ಬಾಟಲಿ ಈ ಮೂರೂ ಕಾರ್ಖಾನೆಯಷ್ಟೇ ಅಪಾಯ ತರಬಲ್ಲವು.

ಗೋಬರ್ ಗ್ಯಾಸ್ ಗುಂಡಿಯಲ್ಲಿ ಏನಿದೆ?

ಸಗಣಿ ಗಾಳಿಯಿಲ್ಲದ ಕಡೆ ಕೊಳೆತಾಗ ಹುಟ್ಟುವ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಮೀಥೇನ್. ಒಲೆಯಲ್ಲಿ ಉರಿಯುವುದು ಇದೇ. ಇದಕ್ಕೆ ವಾಸನೆಯಿಲ್ಲ. ಉಳಿದದ್ದರಲ್ಲಿ ಬಹುಪಾಲು ಇಂಗಾಲದ ಡೈಆಕ್ಸೈಡ್. ಇದು ಗಾಳಿಗಿಂತ ಭಾರ, ತಳದಲ್ಲಿ ನಿಂತುಬಿಡುತ್ತದೆ. ಇವೆರಡರ ಜೊತೆ ಸ್ವಲ್ಪ ಪ್ರಮಾಣದಲ್ಲಿ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬರುವುದು ಇದರಿಂದ. ಇದೂ ಗಾಳಿಗಿಂತ ಭಾರ, ಮತ್ತು ಮೂರರಲ್ಲಿ ಅತಿ ಕೆಟ್ಟದ್ದು.

ವಾಸನೆ ಬಂದರೆ ಹುಷಾರಾಗಬಹುದಲ್ಲ ಎನ್ನುತ್ತೀರಿ. ಮೋಸ ಆಗುವುದು ಅಲ್ಲೇ. ಈ ಅನಿಲ ಕಡಿಮೆ ಇದ್ದಾಗ ಮೂಗಿಗೆ ಗಬ್ಬು ಹೊಡೆಯುತ್ತದೆ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 100 ಪಾಲು ಸೇರಿದರೆ ಕೆಲವೇ ನಿಮಿಷಗಳಲ್ಲಿ ಮೂಗಿನ ಶಕ್ತಿಯೇ ಸತ್ತುಹೋಗುತ್ತದೆ. ವಾಸನೆ ಹೋಯಿತು, ಅನಿಲವೂ ಹೋಯಿತು ಅಂದುಕೊಳ್ಳುತ್ತೇವೆ. ನಿಜಕ್ಕೂ ಅನಿಲ ಹೆಚ್ಚಾಗಿರುತ್ತದೆ. 500 ಪಾಲು ದಾಟಿದರೆ ಮನುಷ್ಯ ನಿಂತಲ್ಲೇ ಕುಸಿಯಬಹುದು. 1000 ಪಾಲಿನ ಹತ್ತಿರ ಒಂದೆರಡು ಉಸಿರಿಗೇ ಪ್ರಜ್ಞೆ ತಪ್ಪಬಹುದು. ಕೂಗಿ ಕರೆಯಲೂ ಸಮಯ ಸಿಗುವುದಿಲ್ಲ.

ಇನ್ನೊಂದು ವಿಷಯ. ಬಗ್ಗಡ ಸುಮ್ಮನೆ ನಿಂತಿರುವಾಗ ಅನಿಲ ಅದರೊಳಗೇ ಅಡಗಿರುತ್ತದೆ. ಕೋಲಿನಿಂದ ಕದಡಿದಾಗ, ಕಾಲಿಟ್ಟು ತುಳಿದಾಗ ಒಮ್ಮೆಲೇ ಮೇಲೇಳುತ್ತದೆ. "ಬೆಳಿಗ್ಗೆ ಬಗ್ಗಿ ನೋಡಿದೆ, ಏನೂ ಆಗಲಿಲ್ಲ" ಎನ್ನುವುದು ಮಧ್ಯಾಹ್ನ ಇಳಿಯಲು ಧೈರ್ಯ ಕೊಡಬಾರದು.

ಹಗೇವಿನ ದೀಪ ಇಲ್ಲಿ ನಡೆಯದು

ನಮ್ಮ ಹಿರಿಯರಿಗೆ ಗುಂಡಿಯ ಗಾಳಿಯ ಅಪಾಯ ಗೊತ್ತಿತ್ತು. ಹಗೇವಿನ ಬಾಯಿ ತೆಗೆದರೆ ಕೂಡಲೇ ಇಳಿಯುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ದೀಪ ಇಳಿಸಿ, ದೀಪ ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ಹಗೇವಿನಲ್ಲಿ ಇದ್ದದ್ದು ಕಾಳು ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡ್. ಅದಕ್ಕೆ ದೀಪ ಆರುತ್ತದೆ.

ಗೋಬರ್ ಗ್ಯಾಸ್ ಗುಂಡಿಗೆ ದೀಪ ಇಳಿಸಿದರೆ ಮೀಥೇನ್ ಹೊತ್ತಿಕೊಂಡು ಸಿಡಿಯಬಹುದು. ಇನ್ನು ಹೈಡ್ರೋಜನ್ ಸಲ್ಫೈಡ್, ಮನುಷ್ಯನನ್ನು ಕೊಲ್ಲುವಷ್ಟು ಇದ್ದರೂ ದೀಪ ಉರಿಯುತ್ತಲೇ ಇರುತ್ತದೆ. ಆದ್ದರಿಂದ ಇಲ್ಲಿ ದೀಪ, ಬೆಂಕಿಕಡ್ಡಿ, ಬೀಡಿ ಯಾವುದೂ ಬೇಡ. ಮೂಗಿಗೆ ಸೆರಗು ಅಥವಾ ಒದ್ದೆ ಬಟ್ಟೆ ಕಟ್ಟಿಕೊಂಡರೂ ಅನಿಲ ತಡೆಯುವುದಿಲ್ಲ.

ಒಬ್ಬರ ಹಿಂದೆ ಒಬ್ಬರು

ಇಂಥ ಗುಂಡಿಗಳಲ್ಲಿ ಜೀವ ಹೋಗುವ ರೀತಿ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಕಟ್ಟಿಕೊಂಡದ್ದನ್ನು ಬಿಡಿಸಲು ಒಬ್ಬರು ಇಳಿಯುತ್ತಾರೆ, ಕುಸಿಯುತ್ತಾರೆ. ಕಾಲು ಜಾರಿತೇನೋ ಎಂದು ಮನೆಯವರೊಬ್ಬರು ಎತ್ತಲು ಇಳಿಯುತ್ತಾರೆ. ಅವರ ಹಿಂದೆ ನೆರೆಯವರು. ಒಂದೇ ಮನೆಯ ಇಬ್ಬರು ಮೂವರು ಹೀಗೆ ಹೋದದ್ದುಂಟು. ಮಗ ಬಿದ್ದಾಗ ತಾಯಿ ದಡದಲ್ಲಿ ನಿಲ್ಲುವುದು ಸುಲಭವಲ್ಲ, ನನಗೂ ಗೊತ್ತು. ಆದರೆ ನೀವೂ ಇಳಿದರೆ ಅವನನ್ನು ಉಳಿಸಲು ಮೇಲೆ ಯಾರೂ ಇರುವುದಿಲ್ಲ. ಹಾಗಾಗಿ ಈ ಮಾತನ್ನು ಮನೆಯಲ್ಲಿ ಮೊದಲೇ ಆಡಿಟ್ಟುಕೊಳ್ಳಿ:

• ಯಾರೇ ಬಿದ್ದರೂ ಹಿಂದೆ ಇಳಿಯಬೇಡಿ. ಜೋರಾಗಿ ಕೂಗಿ ಜನ ಸೇರಿಸಿ.
• ಕೂಡಲೇ 112ಕ್ಕೆ ಕರೆ ಮಾಡಿ, "ಗೋಬರ್ ಗ್ಯಾಸ್ ಗುಂಡಿಗೆ ಬಿದ್ದಿದ್ದಾರೆ" ಎಂದೇ ಹೇಳಿ. ಅಗ್ನಿಶಾಮಕ ದಳದವರ ಬಳಿ ಉಸಿರಾಟದ ಉಪಕರಣ ಇರುತ್ತದೆ. ಆಂಬುಲೆನ್ಸ್‌ಗೆ 108.
• ಪ್ರಜ್ಞೆ ಇದ್ದರೆ ಹಗ್ಗ ಎಸೆದು ಮೇಲಿನಿಂದಲೇ ಎಳೆಯಿರಿ. ಗುಂಡಿಯ ಬಾಯಿಗೆ ಬಗ್ಗಬೇಡಿ.
• ಮೇಲೆ ತಂದ ಮೇಲೆ ಗಾಳಿ ಇರುವ ಕಡೆ ಮಲಗಿಸಿ. ಉಸಿರಾಟ ನಿಂತಿದ್ದರೆ ಎದೆಯ ನಡುವೆ ಎರಡೂ ಕೈಯಿಟ್ಟು, ನಿಮಿಷಕ್ಕೆ 100ರಿಂದ 120 ಸಲ ಗಟ್ಟಿಯಾಗಿ ಒತ್ತುತ್ತಿರಿ. ಸಹಾಯ ಬರುವವರೆಗೆ ನಿಲ್ಲಿಸಬೇಡಿ.

ಇಳಿಯುವ ಪ್ರಸಂಗವೇ ಬಾರದಂತೆ

ಗುಂಡಿ ಕಟ್ಟಿಕೊಳ್ಳುವುದು ಹುಲ್ಲು, ಮಣ್ಣು, ಕಲ್ಲು ಸೇರಿದಾಗ. ಸಗಣಿಗೆ ಸಮ ಪ್ರಮಾಣದ ನೀರು ಬೆರೆಸಿ, ಕಸ ತೆಗೆದು ಬಿಟ್ಟರೆ ಕಟ್ಟುವುದು ಕಡಿಮೆ. ಕಟ್ಟಿದರೆ ಹೊರಗೆ, ಗಾಳಿ ಬರುವ ದಿಕ್ಕಿನಲ್ಲಿ ನಿಂತು ಉದ್ದ ಬಿದಿರಿನ ಗಳುವಿನಿಂದ ಬಿಡಿಸಿ. ಆಗಲಿಲ್ಲವೆಂದರೆ ಯಂತ್ರದಿಂದ ಬಗ್ಗಡ ಎತ್ತಿಸಿ. ಖರ್ಚಾಗುತ್ತದೆ ಎಂದು ಕೂಲಿಯವರನ್ನು ಇಳಿಸಬೇಡಿ. ಅವರ ಜೀವವೂ ನಮ್ಮ ಜೀವದಂತೆಯೇ. ವರ್ಷಗಳಿಂದ ಬಳಸದ ಹಳೆಯ ಗುಂಡಿಯೂ ಖಾಲಿ ಎಂದು ತಿಳಿಯಬೇಡಿ. ಬಗ್ಗಡ ಹೊರಬರುವ ಕಡೆ ಗಟ್ಟಿ ಕಲ್ಲುಚಪ್ಪಡಿ ಮುಚ್ಚಿ. ಮಕ್ಕಳು, ಕರುಗಳು ಬೀಳುವುದು ಅಲ್ಲೇ.

ಅಡುಗೆಮನೆಯ ಗ್ಯಾಸ್ ಪೈಪು ಸೋರುತ್ತಿದೆಯೇ ಎಂದು ನೋಡಲು ಸೋಪಿನ ನೀರು ಹಚ್ಚಿ. ಗುಳ್ಳೆ ಬಂದರೆ ಸೋರಿಕೆ. ಬೆಂಕಿಕಡ್ಡಿ ಗೀರಿ ನೋಡಬೇಡಿ.

ಉಣ್ಣೆ ಔಷಧಿ: ವಾಸನೆಯಲ್ಲ, ಚರ್ಮ

ಮಿಶ್ರತಳಿ ಹಸುಗಳಿಗೆ ಉಣ್ಣೆಯಿಂದ ಥೈಲೇರಿಯಾ ಜ್ವರ ಬರುವುದರಿಂದ ಔಷಧಿ ಸಿಂಪಡಿಸಲೇಬೇಕು. ಆದರೆ ಈ ಔಷಧಿಗಳು ನಮ್ಮ ಮೈಯೊಳಗೆ ಹೋಗಲು ಬಾಯಿಯೇ ಬೇಕಿಲ್ಲ. ಉಸಿರಿನ ಮೂಲಕ ಹೋಗುತ್ತವೆ, ಕೆಲವು ಚರ್ಮದ ಮೂಲಕವೂ ಇಳಿಯುತ್ತವೆ.

1.25 ಶೇಕಡಾ ಡೆಲ್ಟಾಮೆಥ್ರಿನ್ ಇರುವ ಔಷಧಿಯಾದರೆ ಉಣ್ಣೆಗೆ 1 ಲೀಟರ್ ನೀರಿಗೆ 2 ಮಿ.ಲೀ. ಸಾಕು. ಮುಚ್ಚಳದ ಅಂದಾಜು ಬೇಡ, ಸೂಜಿಯಿಲ್ಲದ ಸಿರಿಂಜಿನಲ್ಲಿ ಅಳೆಯಿರಿ. ಬೇರೆ ಔಷಧಿಯಾದರೆ ಚೀಟಿಯಲ್ಲಿ ಬರೆದ ಅಳತೆಯೇ ಸರಿ. ರಬ್ಬರ್ ಕೈಗವಸು ಹಾಕಿಕೊಂಡು ಕೋಲಿನಿಂದ ಕಲಸಿ. ಸೀರೆಯ ಮೇಲೆ ತುಂಬುತೋಳಿನ ಅಂಗಿ ತೊಡಿ. ಹಾಲು ಕರೆದಾದ ಮೇಲೆ, ರಾಸುವನ್ನು ಬಯಲಲ್ಲಿ ಕಟ್ಟಿ, ಗಾಳಿಗೆ ಬೆನ್ನು ಮಾಡಿ ಸಿಂಪಡಿಸಿ. ಕೆಲಸ ಮುಗಿದ ಮೇಲೆ ಸೋಪು ಹಚ್ಚಿ ಸ್ನಾನ ಮಾಡಿ, ಬಟ್ಟೆ ಬೇರೆಯಾಗಿ ಒಗೆಯಿರಿ. ಅದಾಗುವವರೆಗೆ ಎಲೆಅಡಿಕೆಯನ್ನೂ ಬಾಯಿಗೆ ಹಾಕಬೇಡಿ. ಮುಂದಿನ ಹಾಲು ಕರೆಯುವ ಮುನ್ನ ಕೆಚ್ಚಲು ತೊಳೆಯಿರಿ.

ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಈ ಕೆಲಸ ಮಾಡಬಾರದು. ಅಮಿಟ್ರಾಜ್ ಅಂಶದ ಔಷಧಿ ರಕ್ತದ ಸಕ್ಕರೆ ಏರಿಸಬಲ್ಲದು, ಆದ್ದರಿಂದ ಸಕ್ಕರೆ ಕಾಯಿಲೆ ಇರುವವರು ಅದನ್ನು ಮುಟ್ಟಬೇಡಿ. ಬೆಳೆಗೆ ಹೊಡೆಯುವ ಕೀಟನಾಶಕವನ್ನು ದನದ ಮೈಗೆ ಹಾಕುವುದಂತೂ ಬೇಡವೇ ಬೇಡ. ಅದು ದನಕ್ಕೂ ನಿಮಗೂ ವಿಷ.

ಮುಖ ಉರಿ, ಚುಮುಚುಮು ಎನ್ನುವುದು, ತಲೆಸುತ್ತು, ವಾಂತಿ, ಮಂಪರು ಬಂದರೆ ಕೆಲಸ ನಿಲ್ಲಿಸಿ, ಬಟ್ಟೆ ಬದಲಿಸಿ, ಮೈ ತೊಳೆದುಕೊಳ್ಳಿ. ಯಾರಾದರೂ ಕುಡಿದುಬಿಟ್ಟರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಔಷಧಿಯ ಬಾಟಲಿ ಸಮೇತ ಆಸ್ಪತ್ರೆಗೆ ಕರೆದೊಯ್ಯಿರಿ. ಬಾಟಲಿ ನೋಡಿದರೆ ಡಾಕ್ಟರಿಗೆ ಚಿಕಿತ್ಸೆ ತಡವಾಗುವುದಿಲ್ಲ. ಉಳಿದ ಔಷಧಿಯನ್ನು ನೀರಿನ ಬಾಟಲಿಗೆ, ತಂಪು ಪಾನೀಯದ ಬಾಟಲಿಗೆ ತುಂಬಿಡಬೇಡಿ.

ಸಂಘದಲ್ಲಿ ಹಾಲು ಪರೀಕ್ಷಿಸುವವರಿಗೆ

ಯಂತ್ರ ಬಂದಿದ್ದರೂ ಕೆಲವೆಡೆ ಗರ್ಬರ್ ವಿಧಾನದಲ್ಲಿ ಜಿಡ್ಡು ನೋಡುತ್ತಾರೆ. ಒಂದು ಪರೀಕ್ಷೆಗೆ ಬಳಸುವುದು 10 ಮಿ.ಲೀ. ಗಂಧಕಾಮ್ಲ, ಅದೂ ಸುಮಾರು 90 ಶೇಕಡಾ ಗಾಢವಾದದ್ದು. ಇದನ್ನು ಬಾಯಿಯಿಂದ ಪಿಪೆಟ್‌ಗೆ ಎಂದೂ ಎಳೆಯಬೇಡಿ. ಕನ್ನಡಕ, ಕೈಗವಸು, ಮುಂಗವಚ ಇರಲಿ. ಅಲುಗಾಡಿಸುವಾಗ ಕೊಳವೆ ಕಾಯುತ್ತದೆ, ಬಿರಡೆ ಚಿಮ್ಮಬಹುದು. ಬಟ್ಟೆ ಸುತ್ತಿ ಹಿಡಿದು, ಬಾಯಿ ಯಾರ ಮುಖದ ಕಡೆಗೂ ಇಲ್ಲದಂತೆ ನೋಡಿಕೊಳ್ಳಿ. ಆಮ್ಲಕ್ಕೆ ನೀರು ಸುರಿಯಬೇಡಿ, ಸಿಡಿಯುತ್ತದೆ. ಮೈಗೆ ಅಥವಾ ಕಣ್ಣಿಗೆ ಬಿದ್ದರೆ ಹರಿಯುವ ನೀರಿನಲ್ಲಿ 20 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ಬೆಣ್ಣೆ, ಟೂತ್‌ಪೇಸ್ಟ್ ಹಚ್ಚಬೇಡಿ.

ಸಂಘದಲ್ಲಾಗಲಿ ಮನೆಯಲ್ಲಾಗಲಿ, ಬ್ಲೀಚಿಂಗ್ ಪುಡಿಯ ಜೊತೆ ಆಸಿಡ್ ಸೇರಿಸಿ ತೊಳೆಯಬೇಡಿ. ಕ್ಲೋರಿನ್ ಅನಿಲ ಹುಟ್ಟಿ ಎದೆ ಹಿಡಿಯುತ್ತದೆ. ಗಂಟಲು ಸುಟ್ಟಂತಾದರೆ ಕೂಡಲೇ ಹೊರಗೆ ಬನ್ನಿ.

ಕೈಗವಸು, ಕನ್ನಡಕ ಕೊಡಿಸುವಂತೆ ನಿಮ್ಮ ಸಂಘದ ಸಭೆಯಲ್ಲಿ ಕೇಳಿ. ಅದು ಉಪಕಾರವಲ್ಲ, ಕೆಲಸ ಮಾಡುವವರಿಗೆ ಸಲ್ಲಬೇಕಾದದ್ದು. ಇವತ್ತು ಸಂಜೆ ಹಾಲು ಹಾಕಿ ಬಂದ ಮೇಲೆ ಮನೆಯವರನ್ನೆಲ್ಲ ಗುಂಡಿಯ ಹತ್ತಿರ ಕರೆದು, "ಯಾರು ಬಿದ್ದರೂ ಯಾರೂ ಇಳಿಯಬಾರದು" ಎಂದು ಒಮ್ಮೆ ಹೇಳಿ. ಮಕ್ಕಳಿಗೆ 112 ಬಾಯಿಪಾಠ ಮಾಡಿಸಿ. ಮುಂದಿನ ಸಲ ನಿಮ್ಮ ಕೊಟ್ಟಿಗೆಗೆ ಬಂದಾಗ ಹಸುವಿನ ಮೆಲುಕಿನ ಜೊತೆಗೆ, ಗುಂಡಿಗೆ ಚಪ್ಪಡಿ ಮುಚ್ಚಿದ್ದೀರಾ ಎಂದು ನಾನೂ ಕೇಳುತ್ತೇನೆ.

— ಪಶುವೈದ್ಯಾಧಿಕಾರಿ