ದೋಣಿಗೆ ಗುಂಡಿನ ರಾಟಿ: ಎಲ್ಲಿ ಕೂಡ್ರಿಸಬೇಕು, ಎಲ್ಲಿ ಕೂಡ್ರಿಸಬಾರದು

ಟಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರರೊಬ್ಬರು ಮೊನ್ನೆ ಫೋನ್ ಮಾಡಿದ್ದರು. ಚಾಟ್ನಿ ಬಗ್ಗೆ, ಇಲ್ಲಾ ದಾವಣಿ ರೋಗದ ಬಗ್ಗೆ ಕೇಳ್ತಾರೆ ಅಂದುಕೊಂಡೆ. ಅವರು ಕೇಳಿದ್ದೇ ಬೇರೆ. "ಸರ, ನಮ್ಮ ಅಳಿಯ ಅಮೆರಿಕಾದಿಂದ ಮೀನ ಹಿಡಿಯೋ ರಾಟಿ ತಂದಾನ್ರಿ. ದೋಣಿಗೆ ಎಲ್ಲಿ ಬೋಲ್ಟ್ ಹಾಕಬೇಕು ಅಂತ ತಿಳೀವಲ್ದು." ವಾಟ್ಸಾಪಿನಲ್ಲಿ ಫೋಟೊ ಕಳಿಸಿದರು. ಡೌನ್‌ರಿಗ್ಗರ್ ಅನ್ನುವ ಸಾಧನ ಅದು. ಅವರಿಗೆ ಫೋನಿನಲ್ಲಿ ಹೇಳಿದ್ದನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಯಾಕಂದ್ರೆ ಈ ಪ್ರಶ್ನೆ ಒಬ್ಬರದ್ದಲ್ಲ, ಮುಂದೆ ಇನ್ನೂ ಹಲವರು ಕೇಳುವಂಥದ್ದು.

ವಿಜಯಪುರ ಜಿಲ್ಲೆಯಲ್ಲಿ ದೋಣಿಯ ಮಾತೇ ಒಂದು ಕಾಲಕ್ಕೆ ನಗೆಪಾಟಲು. ಬರದ ನಾಡು ಅಂತಲೇ ನಮ್ಮ ಹೆಸರು. ಈಗ ತುಬಚಿ-ಬಬಲೇಶ್ವರ ಮತ್ತು ಮುಳವಾಡ ಏತ ನೀರಾವರಿ ಯೋಜನೆಗಳಿಂದ ಕೃಷ್ಣೆಯ ನೀರು ಮೇಲೆ ಹತ್ತಿ ಬಂದು ಕೆರೆಗಳಿಗೆ ಬೀಳುತ್ತಿದೆ. ಗೋಳಗುಮ್ಮಟ ಕಟ್ಟಿಸಿದ ಮುಹಮ್ಮದ್ ಆದಿಲ್ ಶಾಹನ ಕಾಲದ ಮಮದಾಪುರ ಕೆರೆ ಬಬಲೇಶ್ವರ ತಾಲೂಕಿನಲ್ಲೇ ಇದೆ. ನಗರದ ಪಕ್ಕ ಭೂತನಾಳ ಕೆರೆ ಇದೆ, ಬೇಗಂ ತಾಲಾಬ್ ಇದೆ. ದ್ರಾಕ್ಷಿ ತೋಟಗಳಲ್ಲಿ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡಗಳಂತೂ ಲೆಕ್ಕವಿಲ್ಲ. ನೀರು ನಿಂತ ಕಡೆ ಮೀನು ಬಂತು, ಮೀನು ಬಂದ ಕಡೆ ಗಾಳ ಹಿಡಿದ ಹುಡುಗರು ಬಂದರು. ನಗರದಿಂದ ಭಾನುವಾರ ಬರುವವರಿಗೆ ದಿನಕ್ಕಿಷ್ಟು ಅಂತ ದುಡ್ಡು ತಗೊಂಡು ಮೀನು ಹಿಡಿಯಲು ಬಿಡಬಹುದಲ್ಲ ಅನ್ನುವ ಲೆಕ್ಕಾಚಾರ ಕೆಲವು ರೈತರ ತಲೆಯಲ್ಲಿದೆ. ಲೆಕ್ಕಾಚಾರ ತಪ್ಪಲ್ಲ. ಆದರೆ ದೋಣಿಯಲ್ಲಿ ಕೂಡುವವರಲ್ಲಿ ಹೆಚ್ಚಿನವರಿಗೆ ಈಜು ಬರುವುದಿಲ್ಲ ಅನ್ನುವುದನ್ನು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಿ.

ಈಗ ಆ ರಾಟಿ ಮಾಡುವ ಕೆಲಸ ನೋಡೋಣ. ಬಾವಿ ರಾಟಿ ಕಂಡವರಿಗೆ ಇದು ಕಷ್ಟವಲ್ಲ. ದೋಣಿಯ ಅಂಚಿಗೆ ಒಂದು ಗಡಗಡಿ, ಅದಕ್ಕೆ ಸುತ್ತಿದ ತೆಳು ತಂತಿ, ನೀರಿನ ಮೇಲೆ ಚಾಚಿದ ಒಂದು ತೋಳು, ತಂತಿಯ ತುದಿಗೆ 4-5 ಕಿಲೋ ತೂಕದ ಗುಂಡು. ಗಾಳದ ದಾರವನ್ನು ಗುಂಡಿನ ಹತ್ತಿರ ಒಂದು ಚಿಮಟಿಗೆಯಲ್ಲಿ ಸಿಕ್ಕಿಸಿ ಗುಂಡು ಇಳಿಬಿಡ್ತಾರೆ. ಗುಂಡು ಎಷ್ಟು ಆಳಕ್ಕೆ ಹೋಯಿತೋ ಗಾಳವೂ ಅಷ್ಟೇ ಆಳಕ್ಕೆ. ದೋಣಿ ನಿಧಾನ ಸಾಗುತ್ತದೆ, ಗಾಳ ಹಿಂದೆ ಬರುತ್ತದೆ. ಮೀನು ಕಚ್ಚಿದ ಕೂಡಲೇ ದಾರ ಚಿಮಟಿಗೆಯಿಂದ ಕಳಚಿಕೊಳ್ಳುತ್ತದೆ. ಆಮೇಲೆ ಮೀನು ಮತ್ತು ಹಿಡಿಯುವವನ ನಡುವೆ ಗುಂಡಿನ ಭಾರ ಇರುವುದಿಲ್ಲ.

ಅಮೆರಿಕಾದ ಮಿಷಿಗನ್ ರಾಜ್ಯದವರು 1966ರಲ್ಲಿ ಪೆಸಿಫಿಕ್ ಕಡೆಯ ಸಾಲ್ಮನ್ ಮರಿಗಳನ್ನು ತಮ್ಮ ಮಹಾ ಸರೋವರಗಳಿಗೆ ಸೇರುವ ಹಳ್ಳಗಳಲ್ಲಿ ಬಿಟ್ಟರು. ಸಾಲ್ಮನ್ ತಣ್ಣೀರಿನ ಮೀನು. ಬೇಸಿಗೆಯಲ್ಲಿ ಮೇಲ್ನೀರು ಬಿಸಿಯಾದಾಗ ಆಳಕ್ಕೆ ಇಳಿದು ಒಂದು ಪದರದಲ್ಲಿ ನಿಲ್ಲುತ್ತದೆ. ಆ ಪದರಕ್ಕೆ ಸರಿಯಾಗಿ ಗಾಳ ಮುಟ್ಟಿಸಲು ಈ ರಾಟಿ ಅಲ್ಲಿ ಮನೆಮಾತಾಯಿತು. ಅದು ಅಲ್ಲಿನ ನೀರಿಗೆ, ಅಲ್ಲಿನ ಮೀನಿಗೆ ಒಗ್ಗಿದ ಸಾಧನ.

ನಮ್ಮಲ್ಲೇನಿದೆ? ಕಾಟ್ಲಾ ಮೇಲ್ಪದರದಲ್ಲಿ ಮೇಯುತ್ತದೆ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ. ಇವು ಮೂರೂ ಓಡುವ ಬೇಟೆಯ ಹಿಂದೆ ಬೀಳುವ ಮೀನಲ್ಲ. ಇವಕ್ಕೆ ಹಿಟ್ಟಿನ ಉಂಡೆ, ಬೆಂಡು, ಕಾಯುವ ತಾಳ್ಮೆ ಸಾಕು. ಬೆಂಡನ್ನು ದಾರದಲ್ಲಿ ಮೇಲೆ ಕೆಳಗೆ ಸರಿಸಿದರೆ ಆಳ ತಾನೇ ಹೊಂದಿಕೊಳ್ಳುತ್ತದೆ. ಕೊರವ ಮೀನು ಬೇಟೆಗಾರ, ಖರೆ. ಆದರೆ ಅದು ದಂಡೆಯ ಜೊಂಡಿನಲ್ಲಿ, ಆಳವಿಲ್ಲದ ಕಡೆ ಹೊಂಚು ಹಾಕುತ್ತದೆ. ರಾಟಿಗೆ ಒಪ್ಪುವ ಮೀನು ಅಂದ್ರೆ ದೊಡ್ಡ ಬಾಳೆ ಮೀನು ಒಂದೇ, ಅದೂ ಆಲಮಟ್ಟಿ ಹಿನ್ನೀರಿನಂಥ ದೊಡ್ಡ ನೀರಿನಲ್ಲಿ. ಕಾವೇರಿ ತೀರದ ಗಾಳಿಬೋರೆ, ಭೀಮೇಶ್ವರಿಗಳಲ್ಲಿ ಮಹಶೀರ್ ಹಿಡಿಯಲು ದೇಶ-ವಿದೇಶದವರು ಬರುತ್ತಿದ್ದ ಕಾಲದಲ್ಲೂ ಅಲ್ಲಿ ನಡೆದದ್ದು ಹರಿಗೋಲು, ರಾಗಿ ಹಿಟ್ಟಿನ ಉಂಡೆ ಮತ್ತು ಚೂರು ಸೀಸದಿಂದಲೇ. ಹಾಗಾಗಿ ರಾಟಿ ಇನ್ನೂ ಕೊಂಡಿಲ್ಲ ಅನ್ನುವವರಿಗೆ ನನ್ನ ಸಲಹೆ: ಆ ದುಡ್ಡಿಗೆ ನಾಲ್ಕು ಒಳ್ಳೆ ಲೈಫ್ ಜಾಕೆಟ್ ತಗೊಳ್ಳಿ.

ಕೃಷಿ ಹೊಂಡದಲ್ಲಂತೂ ಇದನ್ನು ಇಳಿಸಲೇಬೇಡಿ. ತಳದಲ್ಲಿರೋದು ಪ್ಲಾಸ್ಟಿಕ್ ಹಾಳೆ. ನಾಲ್ಕು ಕಿಲೋ ಗುಂಡು ಒಮ್ಮೆ ಗಕ್ಕನೆ ಬಿದ್ದು ಎಳೆದರೆ ಹಾಳೆ ಸೀಳುತ್ತದೆ. ಸೀಳಿದ್ದು ಹೊಂಡ ಖಾಲಿಯಾಗುವವರೆಗೆ ಕಣ್ಣಿಗೆ ಬೀಳಲ್ಲ. ಬೇಸಿಗೆಯ ನೀರು ಹೋದರೆ ತೋಟ ಹೋದಂತೆ. ಮೇಲಾಗಿ ಗುಂಡು ಸೀಸದ್ದಾದರೆ, ಅದು ದನಕ್ಕೂ ಜನಕ್ಕೂ ವಿಷದ ಲೋಹ.

ಇಷ್ಟು ಹೇಳಿದ ಮೇಲೂ ರಾಟಿ ಮನೆಗೆ ಬಂದಿದೆ, ದೊಡ್ಡ ಕೆರೆಯಲ್ಲೋ ಹಿನ್ನೀರಿನಲ್ಲೋ ಹಾಕಿ ನೋಡೇ ನೋಡ್ತೀವಿ ಅನ್ನುವವರು ಇರುತ್ತಾರೆ. ಅವರು ಒಂದು ವಿಷಯ ಸರಿಯಾಗಿ ತಿಳಿಯಬೇಕು. ಎಲ್ಲರೂ ಗುಂಡಿನ ತೂಕ ನೋಡಿ ಜಾಗ ಆರಿಸುತ್ತಾರೆ. ನೋಡಬೇಕಾದದ್ದು ಗುಂಡು ಸಿಕ್ಕಿಕೊಂಡಾಗ ಬೀಳುವ ಎಳೆತ.

ಲೆಕ್ಕ ಹಾಕಿ ನೋಡಿ. ದೋಣಿ ನಾಲ್ಕು ಅಡಿ ಅಗಲ. ನಡುವಿನಿಂದ ಅಂಚಿಗೆ ಎರಡು ಅಡಿ. ರಾಟಿಯ ತೋಳು ಹೊರಗೆ ಮತ್ತೆರಡು ಅಡಿ ಚಾಚಿದೆ. ಅಂದರೆ ಗುಂಡು ನಡುವಿನಿಂದ ನಾಲ್ಕು ಅಡಿ ದೂರ ತೂಗುತ್ತದೆ. ನಾಲ್ಕು ಕಿಲೋ, ನಾಲ್ಕು ಅಡಿ: ತಕ್ಕಡಿಯ ಲೆಕ್ಕದಲ್ಲಿ 16. ಅರವತ್ತನಾಲ್ಕು ಕಿಲೋ ತೂಗುವ ಆಳು ಇನ್ನೊಂದು ಪಕ್ಕಕ್ಕೆ ಮೂರು ಇಂಚು ಸರಿದು ಕೂತರೆ ಸಮ ಆಯ್ತು. ಏನೂ ಅಲ್ಲ. ಆದರೆ ಈ ರಾಟಿಗಳ ಜೊತೆ ಬರುವ ತಂತಿ ಸಾಮಾನ್ಯವಾಗಿ 150 ಪೌಂಡು, ಅಂದರೆ 68 ಕಿಲೋ ಎಳೆತ ತಡೆಯುವಂಥದ್ದು. ಗುಂಡು ತಳದಲ್ಲಿ ಎಲ್ಲೋ ಸಿಕ್ಕಿ, ದೋಣಿ ಮುಂದೆ ಸಾಗುತ್ತಲೇ ಇದ್ದರೆ, ತಂತಿ ಹರಿಯುವ ಮೊದಲು ಅಷ್ಟೂ ಎಳೆತ ಆ ತೋಳಿನ ತುದಿಗೆ ಬೀಳಬಹುದು. ಒಬ್ಬ ದೊಡ್ಡ ಆಳು ದೋಣಿಯಿಂದ ಎರಡು ಅಡಿ ಆಚೆ ಜೋತು ಬಿದ್ದಂತೆ. ಸಣ್ಣ ದೋಣಿ ಮಗುಚಲು ಇನ್ನೇನು ಬೇಕು?

ಸಿಕ್ಕಿಕೊಳ್ಳುವುದು ನಮ್ಮ ಕಡೆ ಅಪರೂಪದ ಮಾತೂ ಅಲ್ಲ. ವರ್ಷಾನುಗಟ್ಟಲೆ ಒಣಗಿ ನಿಂತ ಕೆರೆಯಂಗಳದಲ್ಲಿ ಜಾಲಿ ಬೆಳೆದಿತ್ತು. ನೀರು ಬಂದಾಗ ಅದು ಹಾಗೇ ಮುಳುಗಿತು. ಹಿನ್ನೀರಿನಲ್ಲಿ ಹಳೆಯ ಬಾವಿಕಟ್ಟೆ, ಗೋಡೆ, ಮರದ ಬೊಡ್ಡೆ, ಯಾರೋ ಬಿಟ್ಟುಹೋದ ಬಲೆಯ ತುಂಡು. ಮೇಲಿನಿಂದ ನೋಡಿದರೆ ನೀರು ಕನ್ನಡಿಯಂತೆ ಇರುತ್ತದೆ.

ಟ್ರ್ಯಾಕ್ಟರ್ ನಡೆಸುವವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಬೊಡ್ಡೆ ಕೀಳುವಾಗ ಸರಪಳಿಯನ್ನು ಕೆಳಗಿನ ಕೊಂಡಿಗೆ ಕಟ್ಟಿದರೆ ಟ್ರ್ಯಾಕ್ಟರ್ ಜಗ್ಗುತ್ತದೆ. ಮೇಲೆ ಆಕ್ಸಲಿಗೆ ಸುತ್ತಿದರೆ ಮುಂಗಾಲಿ ಎತ್ತಿ ಹಿಂದಕ್ಕೆ ಮಗುಚುತ್ತದೆ. ಟ್ರ್ಯಾಕ್ಟರ್ ಅದೇ, ಬೊಡ್ಡೆ ಅದೇ, ಕಟ್ಟಿದ ಜಾಗ ಬೇರೆ.

ಹರಿಗೋಲಿಗೆ ಮೊದಲು ಉತ್ತರ ಹೇಳಿಬಿಡ್ತೀನಿ: ಎಲ್ಲಿಯೂ ಬೇಡ. ಬಿದಿರಿನದಾಗಲಿ, ಫೈಬರಿನದಾಗಲಿ, ಅದು ದುಂಡಗಿನ ಬುಟ್ಟಿ. ಒಂದು ಕಡೆ ಎಳೆದರೆ ಮೊದಲು ಗಿರಕಿ ಹೊಡೆಯುತ್ತದೆ, ಆಮೇಲೆ ಅಂಚು ನೀರಿಗೆ ಮುಟ್ಟುತ್ತದೆ. ಬಿದಿರಿನ ಅಂಚಿಗೆ ಬೋಲ್ಟ್ ತೂತು ಕೊರೆದರೆ ಸೀಳು ಬಿಡುತ್ತದೆ. ಹರಿಗೋಲಿನಲ್ಲಿ ಆಳಕ್ಕೆ ಗಾಳ ಬಿಡಬೇಕೆಂದರೆ ಕೈದಾರವೇ ಸರಿ. ಸಿಕ್ಕಿಕೊಂಡರೆ ಕೈ ಬಿಟ್ಟರಾಯಿತು. ದಾರವನ್ನು ಮಾತ್ರ ಹರಿಗೋಲಿಗೆ ಕಟ್ಟಬೇಡಿ, ಮಣಿಕಟ್ಟಿಗೆ ಸುತ್ತಿಕೊಳ್ಳಲೂಬೇಡಿ.

ಉದ್ದನೆಯ ದೋಣಿಗೆ ಬರೋಣ. ದೊಡ್ಡ ಮೋಟಾರ್ ದೋಣಿಗಳಲ್ಲಿ ಹಿಂಬದಿಯ ಎರಡು ಮೂಲೆಗಳಲ್ಲಿ ರಾಟಿ ಕೂಡ್ರಿಸುತ್ತಾರೆ. ತಂತಿ ಹಿಂದಕ್ಕೆ ಓರೆಯಾಗಿ ಹೋಗುವುದರಿಂದ ಪಂಖದಿಂದ ದೂರ ಉಳಿಯುತ್ತದೆ. ಅಲ್ಲಿ ಅದು ಸರಿ. ಆದರೆ ನಮ್ಮ 12-14 ಅಡಿಯ ಫೈಬರ್ ದೋಣಿಯಲ್ಲಿ ಹಿಂದುಗಡೆ ಮೊದಲೇ ಮೋಟಾರು, ಬ್ಯಾಟರಿ, ನಡೆಸುವ ಆಳು ಎಲ್ಲಾ ಸೇರಿರುತ್ತದೆ. ಅಲ್ಲಿಯೇ ಗುಂಡೂ ಸಿಕ್ಕಿಕೊಂಡರೆ ಹಿಂಬದಿ ತಗ್ಗಿ ನೀರು ಒಳಗೆ ಬರುತ್ತದೆ. ಹಾಗಾಗಿ ಇಂಥ ದೋಣಿಗೆ ಪಕ್ಕದ ಅಂಚಿನಲ್ಲಿ, ಹಿಂಬದಿಯ ಹಲಗೆಯಿಂದ ಎರಡು ಮೂರು ಅಡಿ ಮುಂದೆ ಕೂಡ್ರಿಸುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಹುಟ್ಟು ಹಾಕುವ ದೋಣಿಯಾದರೆ ಹುಟ್ಟಿನ ಬೀಸು ತೋಳಿಗೆ ತಾಗದಷ್ಟು ಹಿಂದೆ. ನಡೆಸುವವನು ಕೂತಲ್ಲಿಂದಲೇ ಕೈ ಚಾಚಿದರೆ ರಾಟಿಯ ಹಿಡಿಕೆ ಸಿಗಬೇಕು. ಎದ್ದು ನಿಂತು, ಬಾಗಿ ತಿರುವುವಂತೆ ಕೂಡ್ರಿಸಿದರೆ ಗುಂಡಿಗಿಂತ ಮೊದಲು ಮನುಷ್ಯ ನೀರಿಗೆ ಬೀಳುತ್ತಾನೆ. ಒಂದು ದೋಣಿಗೆ ಒಂದೇ ರಾಟಿ ಸಾಕು. ಜೊತೆಗಾರ ರಾಟಿಯ ಎದುರು ಪಕ್ಕದಲ್ಲಿ ಕೂಡಲಿ.

ತೋಳು ಉದ್ದವಾದಷ್ಟೂ ತಂತಿ ದೋಣಿಯಿಂದ ದೂರ, ಆದರೆ ಮಗುಚುವ ಬಲವೂ ಅಷ್ಟೇ ಹೆಚ್ಚು. ಗುಂಡು ದೋಣಿಯ ಮೈಗೆ ಬಡಿಯದಷ್ಟು, ಪಂಖಕ್ಕೆ ತಂತಿ ಸುತ್ತದಷ್ಟು ಇದ್ದರೆ ಸಾಕು. ಎರಡು ಅಡಿಗಿಂತ ಹೆಚ್ಚು ಬೇಡ. ಮೋಟಾರ್ ಇದ್ದರೆ ಇನ್ನೊಂದು ಮಾತು: ಗುಂಡು ನೀರಿನಲ್ಲಿರುವಾಗ ದೋಣಿಯನ್ನು ಗಕ್ಕನೆ ತಿರುಗಿಸಬೇಡಿ. ತಂತಿ ದೋಣಿಯ ಕೆಳಗೆ ನುಸುಳಿ ಪಂಖಕ್ಕೆ ಬರಬಹುದು.

ಅಂಚಿಗೆ ಬರೀ ಸ್ಕ್ರೂ ಹಾಕಿದರೆ ನಿಲ್ಲುವುದಿಲ್ಲ. ಫೈಬರ್ ತೆಳು ಇರುತ್ತದೆ, ಎಳೆತಕ್ಕೆ ಸೀಳುತ್ತದೆ. ಆರಪಾರ ಹೋಗುವ ನಾಲ್ಕು ಸ್ಟೇನ್‌ಲೆಸ್ ಬೋಲ್ಟ್ ಹಾಕಿ. ಅಡಿಯಲ್ಲಿ ಅಲ್ಯುಮಿನಿಯಂ ತಗಡನ್ನೋ ಮರೈನ್ ಪ್ಲೈವುಡ್ ತುಂಡನ್ನೋ ಕೊಡಿ. ರಾಟಿಯ ಪೀಠಕ್ಕಿಂತ ಅದು ದೊಡ್ಡದಿರಲಿ. ದೊಡ್ಡ ವಾಷರ್, ಸಡಿಲಾಗದ ನೈಲಾನ್ ನಟ್, ತೂತಿಗೆ ಸಿಲಿಕಾನ್. ಇದನ್ನೆಲ್ಲ ಟ್ರೇಲರ್ ಕೆಲಸ ಮಾಡುವ ಯಾವ ವೆಲ್ಡಿಂಗ್ ಅಂಗಡಿಯವನೂ ಮಾಡಿಕೊಡ್ತಾನೆ.

ಕೂಡ್ರಿಸಿದ ಮೇಲೆ ನೇರ ಆಳಕ್ಕೆ ಹೋಗಬೇಡಿ. ದಂಡೆಯ ಹತ್ತಿರ ಸೊಂಟದ ನೀರಿನಲ್ಲಿ ದೋಣಿ ನಿಲ್ಲಿಸಿ, ಎಲ್ಲರೂ ಲೈಫ್ ಜಾಕೆಟ್ ಹಾಕಿಕೊಂಡು ತಮ್ಮ ತಮ್ಮ ಜಾಗದಲ್ಲಿ ಕೂಡಲಿ. 20 ಲೀಟರಿನ ನೀರಿನ ಕ್ಯಾನ್ ತುಂಬಿ ತೋಳಿನ ತುದಿಗೆ, ನೀರಿಗೆ ತಾಗದಂತೆ ತೂಗುಹಾಕಿ. ಅದು 20 ಕಿಲೋ. ಆಗ ದೋಣಿಯ ಅಂಚು ನೀರಿನಿಂದ ಒಂದು ಗೇಣಾದರೂ ಮೇಲಿರಬೇಕು. ಇಲ್ಲದಿದ್ದರೆ ತೋಳು ಗಿಡ್ಡ ಮಾಡಿ, ಇಲ್ಲಾ ರಾಟಿ ಬಿಚ್ಚಿಡಿ.

ಇನ್ನು ತಂತಿಯ ವಿಷಯ. 68 ಕಿಲೋ ತಡೆಯುವ ತಂತಿಗೆ ಗುಂಡನ್ನು ನೇರ ಕಟ್ಟಬಾರದು. ನಡುವೆ ಒಂದು ಮೊಳ ಹತ್ತಿಯ ಹುರಿ ಹಾಕಿ, 15 ಕಿಲೋಗೆ ಹರಿಯುವಂಥದ್ದು. ಅದೇ ಕ್ಯಾನಿನಲ್ಲಿ 15 ಲೀಟರ್ ನೀರು ಹಾಕಿ ತೂಗುಬಿಟ್ಟು ನೋಡಿ, ಹರಿಯಬೇಕು. ಹರಿಯದಿದ್ದರೆ ಇನ್ನೂ ತೆಳು ಹುರಿ ತಗೊಳ್ಳಿ. ಹುರಿ ನೆನೆದಾಗ ಅದರ ಬಲ ಬದಲಾಗುತ್ತದೆ, ಒದ್ದೆ ಮಾಡಿಯೇ ಪರೀಕ್ಷೆ ಮಾಡಿ. ಗುಂಡು ಹೋದರೆ ಹೋಗಲಿ, ಸೀಸದ ಬದಲು ಎರಕದ ಕಬ್ಬಿಣದ್ದು ಹಾಕಿದ್ದರೆ ಕೆರೆಗೂ ಕೇಡಿಲ್ಲ. ರಾಟಿಯಲ್ಲಿ ಕ್ಲಚ್ ಇದ್ದರೆ ಅದನ್ನು ಗುಂಡಿನ ಭಾರ ತಡೆಯುವುದಕ್ಕಿಂತ ಚೂರೇ ಬಿಗಿ ಮಾಡಿ. ಸಿಕ್ಕಿಕೊಂಡಾಗ ತಂತಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಆಗ ಮೊದಲು ಮೋಟಾರ್ ನ್ಯೂಟ್ರಲ್‌ಗೆ ತರಬೇಕು, ಆಮೇಲೆ ಕ್ಲಚ್ ಸಡಿಲಿಸಬೇಕು, ಆಮೇಲೆ ನಿಧಾನ ಹಿಂದಕ್ಕೆ ಬಂದು ಸಿಕ್ಕಿದ ಜಾಗದ ಮೇಲೆ ನಿಂತು ಬಿಡಿಸಬೇಕು. ಅಂಚಿಗೆ ಬಾಗಿ ಕೈಯಿಂದ ಜಗ್ಗುವ ಕೆಲಸ ಬೇಡವೇ ಬೇಡ. ತಂತಿ ಕತ್ತರಿಸುವ ಇಕ್ಕಳ ದೋಣಿಯೊಳಗೆ ಕೈಗೆಟುಕುವಂತೆ ಕಟ್ಟಿರಲಿ. ಉಕ್ಕಿನ ತಂತಿಗೆ ಚಾಕು ನಡೆಯುವುದಿಲ್ಲ.

ದೋಣಿ ತಗೊಂಡು ಕೆರೆಗೆ ಇಳಿಯುವ ಮೊದಲು ಆ ಕೆರೆಯ ಮೀನಿನ ಗುತ್ತಿಗೆ ಯಾರದ್ದು ಅಂತ ವಿಚಾರಿಸಿ. ಮರಿ ಬಿಟ್ಟವರು ಅವರು, ಮೀನೂ ಅವರದ್ದೇ. ಅವರ ಬಲೆ ಎಲ್ಲಿ ಹಾಕಿದ್ದಾರೆ ಅಂತ ಕೇಳಿಕೊಂಡರೆ ನಿಮ್ಮ ತಂತಿಯೂ ಉಳಿಯುತ್ತದೆ, ಅವರ ಬಲೆಯೂ ಉಳಿಯುತ್ತದೆ. ಜಾಲಿ ಎಲ್ಲಿ ಮುಳುಗಿದೆ ಅನ್ನುವುದೂ ಅವರಿಗೇ ಗೊತ್ತಿರುತ್ತದೆ. ಮೀನು ಸಾಕಣೆಯ ಬಗ್ಗೆ ಕೇಳುವುದಿದ್ದರೆ ಭೂತನಾಳದಲ್ಲೇ ಬೀದರ್ ಪಶು ವಿಶ್ವವಿದ್ಯಾಲಯದ ಮೀನುಗಾರಿಕೆ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ಇದೆ. ಹೋಗುವಾಗ ಹೊಂಡದ ಅಳತೆ, ಆಳ, ಎಷ್ಟು ತಿಂಗಳು ನೀರು ನಿಲ್ಲುತ್ತದೆ ಅನ್ನುವುದನ್ನು ಬರೆದುಕೊಂಡು ಹೋಗಿ.